ಹರಣಿಯ ಮೂರು ಸೋಲು, ಮೂರು ನೆಪ

ಉದಗೀರಿನ ಕೋಟೆಯ ಕೆಳಗಿನ ಮೈದಾನದಲ್ಲಿ ಆ ಚಳಿಗಾಲದ ಶರ್ಯತ್ತಿಗೆ ಐದು ಕುದುರೆಗಳು ಓಡಿದವು. ನಮ್ಮ ಹರಣಿ ನಾಲ್ಕನೆಯದಾಗಿ ಬಂತು. ಐದನೆಯದು ಅರ್ಧ ದಾರಿಯಲ್ಲಿ ಸವಾರನನ್ನು ಕೆಡವಿ ಜೋಳದ ಹೊಲಕ್ಕೆ ನುಗ್ಗಿದ್ದರಿಂದ ಹರಣಿ ಕಡೆಯದಾಗಿ ಬಂತು ಎಂದರೂ ತಪ್ಪಿಲ್ಲ.

ನಾನಾಗ ನಿಲಂಗಾದ ದೇಶಮುಖರ ಲಾಯದಲ್ಲಿ ಸಾಲೋತ್ರಿ, ಅಂದರೆ ಕುದುರೆ ವೈದ್ಯ. ಹಿಂದಿನ ವರ್ಷ ಇದೇ ಮೈದಾನದಲ್ಲಿ ಹರಣಿ ಗುರಿ ಮುಟ್ಟಿದ ಮೇಲೆ ದೇಶಮುಖರು ಎದ್ದು ನಿಂತು, ರುಮಾಲು ಸರಿಮಾಡಿಕೊಂಡು, ಮತ್ತೆ ಕೂತರು. ಎರಡನೆಯ ಕುದುರೆ ಬಂದದ್ದು ಆಮೇಲೆ. ಈ ವರ್ಷ ಇದು ಮೂರನೆಯ ಸೋಲು. ದಸರೆಯ ನಂತರ ಉಮರ್ಗಾದಲ್ಲಿ ಒಂದು, ದೀಪಾವಳಿ ಕಳೆದು ನಮ್ಮದೇ ನಿಲಂಗಾದಲ್ಲಿ ಒಂದು, ಈಗ ಇದು.

ಪ್ರತಿ ಸೋಲಿಗೂ ಸವಾರ ಒಂದು ನೆಪ ಹೇಳಿದ್ದ. ಉಮರ್ಗಾದಲ್ಲಿ ಹಸಿ ಎರೆಮಣ್ಣು ಗೊರಸಿಗೆ ಹತ್ತಿತು ಎಂದ. ನಿಲಂಗಾದಲ್ಲಿ ಓಟ ಶುರುಮಾಡುವ ನಿಶಾನೆ ಬೀಳುವಾಗ ಕುದುರೆಯ ಮುಖ ಆಚೆ ತಿರುಗಿತ್ತು ಎಂದ. ಉದಗೀರಿನಲ್ಲಿ ಮಣ್ಣು ಒಣಗಿತ್ತು, ಮುಖ ನೆಟ್ಟಗಿತ್ತು. ಕುದುರೆಯಿಂದ ಇಳಿದವನೇ ದೇಶಮುಖರ ಮುಂದೆ ನಿಂತು, ಸೊಂಟದಿಂದ ಒಂದು ಚಿಕ್ಕ ಚೀಲ ಬಿಚ್ಚಿದ. ಅದರಲ್ಲಿ ಬೀರಪ್ಪ ದೇವರ ಭಂಡಾರ, ಅಂದರೆ ಅರಿಶಿನದ ಪುಡಿ ಇತ್ತು. ಅವನು ಕುರಿ ಸಾಕುವ ಮನೆತನದವನು. ಭಂಡಾರದಲ್ಲಿ ಕೈಯಿಟ್ಟು ಸುಳ್ಳು ಹೇಳಿದರೆ ಹಟ್ಟಿಗೆ ಕೇಡು ಎಂದು ಅವರಲ್ಲಿ ಗಟ್ಟಿ ನಂಬಿಕೆ.

"ಭಂಡಾರ ಮುಟ್ಟಿ ಹೇಳ್ಲತ್ತೀನಿ ಸರಕಾರ. ಆಕಿಗಿ ಉಸಿರು ಸಿಗವಲ್ದು. ಕಡೀ ತಿರುವಿನ್ಯಾಗ ಗಂಟಲು ಕಟ್ತದ."

ಲಾಯದ ದರೋಗಾ ಪಕ್ಕದಲ್ಲೇ ಇದ್ದ. ಲಾಯದ ಮೇಲ್ವಿಚಾರಣೆ ಅವನದು, ನಾಲಿಗೆ ಬಹಳ ಹರಿತ. "ಮಣ್ಣು ಆತು, ನಿಶಾನಿ ಆತು, ಈಗ ಉಸಿರು ಬಂತು. ಭಾವನ ಕುದರಿ ಮುಂದ ಹೋಗಬೇಕಾದಾಗ ಇವನ ಕುದರಿಗಿ ಗಂಟಲು ಕಟ್ತದ," ಎಂದ. ಆ ದಿನ ಗೆದ್ದ ಕುದುರೆಯ ಮೇಲೆ ಕೂತಿದ್ದವನು ನಮ್ಮ ಸವಾರನ ಅಕ್ಕನ ಗಂಡ. ಸವಾರ ಅಂಗೈಗೆ ಹತ್ತಿದ ಅರಿಶಿನವನ್ನು ಹರಣಿಯ ಹಣೆಗೆ ಒರೆಸಿ ಅದನ್ನು ಆಚೆ ನಡೆಸಿಕೊಂಡು ಹೋದ.

ದೇಶಮುಖರು ಕೂಗಾಡುವವರಲ್ಲ. ನನ್ನ ಕಡೆ ತಿರುಗಿ ಹೇಳಿದರು: "ಸಾಲೋತ್ರಿ, ನೆಪ ಮೂರು ಕೇಳಿದೆ. ಎಂಟು ದಿನ ಕೊಡ್ತೀನಿ. ತಪ್ಪು ಕುದರೀದೊ ಸವಾರಂದೊ, ಕಾಗದದ ಮ್ಯಾಲ ಬರದು ಕೊಡ್ರಿ. ಸವಾರಂದಾದ್ರ ಜೀನ ಹೊರಸ್ತೀನಿ."

ಜೀನು ಹೊರಿಸುವುದು ನಮ್ಮ ಕಡೆಯ ಹಳೆಯ ಶಿಕ್ಷೆ. ಬೇಕೆಂದೇ ಲಗಾಮು ಹಿಡಿದು ಕುದುರೆಯನ್ನು ಸೋಲಿಸಿದ ಸವಾರನ ತಲೆಯ ಮೇಲೆ ಅದೇ ಕುದುರೆಯ ಜೀನು ಇಟ್ಟು, ಪೇಟೆಯ ಈ ತುದಿಯಿಂದ ಆ ತುದಿಯವರೆಗೆ ಬರಿಗಾಲಲ್ಲಿ ನಡೆಸುತ್ತಿದ್ದರು. ಆಮೇಲೆ ಅವನನ್ನು ಯಾವ ಲಾಯದವರೂ ಬಾಗಿಲೊಳಗೆ ಬಿಡುತ್ತಿರಲಿಲ್ಲ. ಹಾಗೆ ನಡೆದ ಒಬ್ಬನನ್ನು ನಾನು ಚಿಕ್ಕಂದಿನಲ್ಲಿ ನಮ್ಮೂರು ಮುರುಮದಲ್ಲಿ ನೋಡಿದ್ದೆ. ಕಡೆಗಾಲದಲ್ಲಿ ಗಾಣದ ಎತ್ತು ಹೊಡೆಯುತ್ತಿದ್ದ, ಕುದುರೆ ಎದುರು ಬಂದರೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ.

ನಿಲಂಗಾಕ್ಕೆ ಮರಳಿದ ಮೊದಲ ದಿನ ಕಾಲಿನಿಂದ ಶುರುಮಾಡಿದೆ. ಲಾಳ ಹೊಡೆಯುವ ನಾಲಬಂದನನ್ನು ಕರೆಸಿ ನಾಲ್ಕೂ ನಾಲು ಕೀಳಿಸಿದೆ. ಗೊರಸಿನ ಗೋಡೆಯ ಮೇಲೆ ಸಣ್ಣ ಸುತ್ತಿಗೆಯಿಂದ ಸುತ್ತಲೂ ತಟ್ಟಿದೆ, ಇಕ್ಕಳದಿಂದ ಅಡಿಯನ್ನು ಒತ್ತಿದೆ, ಗೊರಸಿನೊಳಗಿನ ಮೆತ್ತೆಯನ್ನು ಕೆತ್ತಿ ಮೂಸಿದೆ. ಕೀವಿಲ್ಲ, ಕೆಟ್ಟ ವಾಸನೆಯಿಲ್ಲ. ಮುಂಗಾಲಿನ ನರಗಳ ಮೇಲೆ ಹಿಂಗೈ ಆಡಿಸಿ ಎಡಬಲ ಹೋಲಿಸಿದೆ. ಬಿಸಿಯಲ್ಲಿ ವ್ಯತ್ಯಾಸವಿರಲಿಲ್ಲ. ದರೋಗಾ ಒಂದು ಹೊತ್ತು ನೋಡುತ್ತ ನಿಂತು, ಬೆನ್ನ ಮೇಲಿನ ಸುಳಿಯೇ ಕೆಟ್ಟದ್ದಿರಬೇಕು ಎಂದ. ಹಿಂದಿನ ವರ್ಷ ಗೆದ್ದಾಗಲೂ ಅದೇ ಸುಳಿ ಅಲ್ಲೇ ಇತ್ತಲ್ಲ ಎಂದೆ. ಅವನು ಎಲೆ ಉಗುಳುವ ನೆಪ ಮಾಡಿ ಹೋದ.

ದಾಣಿಯ ಕಡೆ, ಅಂದರೆ ಕುದುರೆಗೆ ಹಾಕುವ ಕಾಳಿನ ಕಡೆ, ನಾನು ನೋಡಲೇ ಇಲ್ಲ. ನೋಡುವುದೇನಿದೆ, ಹರಣಿಯ ದಾಣಿ ನನ್ನ ಕೈಯಲ್ಲೇ ಇತ್ತು. ಶ್ರಾವಣದಲ್ಲಿ ಲಾಯದ ಕಡಲೆಗೆ ಹುಳ ಬಿದ್ದು ಎರಡು ಕುದುರೆಗೆ ಹೊಟ್ಟೆಶೂಲೆ ಎದ್ದಿತ್ತು. ಉಳಿದವಕ್ಕೆ ಹುರುಳಿ ಸಾಲುವಷ್ಟಿತ್ತು. ಹರಣಿಗೆ ಮಾತ್ರ ವಿಶೇಷವಾಗಿರಲಿ ಎಂದು ಮುರುಮದ ನಮ್ಮ ಹೊಲದ ಲಾಖ ತರಿಸಿ, ಬೇಯಿಸಿ, ಬೆಲ್ಲ ಬೆರೆಸಿ ಹಾಕಿಸಿದೆ. ಲಾಖ ಅಂದರೆ ಬಟಾಣಿಯ ಜಾತಿಯ, ಮೂಲೆ ಮೂಲೆಯಾದ ಚಪ್ಪಟೆ ಕಾಳು. ಕುದುರೆಗೆ ಮೈ ಹಿಡಿಸುತ್ತದೆ ಎಂದು ನಮ್ಮ ಭಾಗದಲ್ಲಿ ಹೆಸರು. ತಿಂಗಳೊಳಗೆ ಹರಣಿಯ ಕೂದಲು ಎಣ್ಣೆ ಹಚ್ಚಿದಂತೆ ಹೊಳೆಯಿತು. ದೇಶಮುಖರು ಬೆನ್ನು ಸವರಿ, ನಿಮ್ಮ ಹೊಲದ ಕಾಳು ದೊಡ್ಡದು ಸಾಲೋತ್ರಿ ಎಂದರು. ನಾನು ಆ ಮಾತನ್ನು ಊರಿನಲ್ಲಿ ನಾಲ್ಕು ಮಂದಿಗೆ ಹೇಳಿಕೊಂಡು ತಿರುಗಿದೆ.

ಆ ದಿನಗಳಲ್ಲೇ ಸವಾರ ಒಮ್ಮೆ ಬಂದು, "ಅಪ್ಪಾವ್ರ, ಆಕಿ ಕಾಳು ಬಾಯಾಗ ಇಟ್ಟು ಬಿಡ್ಲತಾಳ್ರಿ. ಒಲ್ಲೆ ಅಂತಾಳ," ಎಂದಿದ್ದ. "ನೀ ಬೆನ್ನ ಮ್ಯಾಲಿಂದು ನೋಡು. ಹೊಟ್ಯಾಗಿಂದು ನಾ ನೋಡ್ತೀನಿ," ಎಂದು ಗದರಿಸಿ ಕಳಿಸಿದ್ದೆ. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಎರಡನೆಯ ದಿನ ಬೇರೆ ಸವಾರನನ್ನು ಕೂರಿಸಿ, ಜೊತೆಗೆ ಲಾಯದ ಕಂದು ಗಂಡುಕುದುರೆಯನ್ನು ಬಿಟ್ಟು, ಶರ್ಯತ್ತಿನಷ್ಟೇ ದೂರ ಓಡಿಸಿದೆ. ಅರ್ಧದವರೆಗೆ ಎರಡೂ ಜೋಡಿ ಎತ್ತಿನಂತೆ ಹೋದವು. ಆಮೇಲೆ ಹರಣಿ ಹಿಂದೆ ಬಿತ್ತು. ಹೊಸ ಸವಾರ ಎರಡೇಟು ಹೊಡೆದ, ಮತ್ತಷ್ಟು ಹಿಂದೆ ಬಿತ್ತು. ಸವಾರನ ಮೇಲಿನ ಅನುಮಾನ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ದರೋಗಾ ಒಪ್ಪಲಿಲ್ಲ. "ಮೂರು ತಿಂಗಳಿಂದ ಅಂವಾ ಆ ಜಾಗಾದಾಗ ಹಿಡಿದು ಕಲಿಸ್ಯಾನ. ಈಗ ಯಾರು ಕೂತ್ರೂ ಅಲ್ಲೇ ನಿಲ್ತದ. ಕುದರಿಗಿ ರೂಢಿ ಹತ್ತೋದು ಎಷ್ಟು ಹೊತ್ತು?" ಸುಳ್ಳಲ್ಲ. ಕಲಿಸಿದರೆ ಕುದುರೆ ಅದನ್ನೂ ಕಲಿಯುತ್ತದೆ.

ಮೂರನೆಯ ದಿನ ಕಣ್ಣನ್ನು ಬದಿಗಿಟ್ಟು ಕಿವಿಯನ್ನು ನೆಚ್ಚಿದೆ. ಕಡೆಯ ತಿರುವಿನಲ್ಲಿ ಒಂದು ಗಡಿಕಲ್ಲು ಇತ್ತು. ಅದರ ಮೇಲೆ ಕೂತು ಹರಣಿಯನ್ನು ಒಂಟಿಯಾಗಿ ಓಡಿಸಲು ಹೇಳಿದೆ. ಗೊರಸಿನ ಸದ್ದಿನ ನಡುವೆ ಇನ್ನೊಂದು ಸದ್ದು ಬಂತು. ಉಸಿರು ಬಿಡುವಾಗ ಅಲ್ಲ, ಒಳಕ್ಕೆ ಎಳೆದುಕೊಳ್ಳುವಾಗ. ನಾಲಬಂದನ ತಿದಿ ತೂತು ಬಿದ್ದರೆ ಹೇಗೆ ಕೂಗುತ್ತದೋ ಹಾಗೆ. ನಿಂತ ಮೇಲೆ ನಾಲ್ಕು ಉಸಿರಿಗೇ ಸದ್ದು ಹೋಯಿತು. ಲಾಯದಲ್ಲಿ ನಿಂತ ಕುದುರೆಯ ಎದೆಗೆ ದಿನವೂ ಕಿವಿಯಿಟ್ಟವನಿಗೆ ಇದು ಯಾಕೆ ಕೇಳಿರಲಿಲ್ಲ ಎಂಬುದು ಆಗ ತಿಳಿಯಿತು. ಅದು ಓಡುವಾಗ ಮಾತ್ರ ಇತ್ತು, ಇಷ್ಟು ತಿಂಗಳು ಓಡುವಾಗ ಅದರ ಮೇಲೆ ಇದ್ದವನು ನಮ್ಮ ಸವಾರ ಒಬ್ಬನೇ.

ನಾಲ್ಕನೆಯ ದಿನ ಹಳೇ ಸಾಲೋತ್ರಿಗಳ ಪರೀಕ್ಷೆ ಮಾಡಿದೆ. ಕುದುರೆಯನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಹಗ್ಗ ಗಿಡ್ಡವಾಗಿ ಹಿಡಿದು, ಪಕ್ಕೆಗೆ ಹೊಡೆಯುವಂತೆ ಕೋಲು ಬೀಸಬೇಕು, ಹೊಡೆಯಬಾರದು. ಗಂಟಲು ಗಟ್ಟಿಯಿದ್ದ ಕುದುರೆ ಬೆಚ್ಚಿ ಸುಮ್ಮನಿರುತ್ತದೆ. ಗಂಟಲು ಕೆಟ್ಟದ್ದು ನರಳುತ್ತದೆ. ಹರಣಿ ನರಳಿತು. ಮೂರು ಸಲ ಬೀಸಿದೆ, ಮೂರು ಸಲವೂ ನರಳಿತು. ಆಮೇಲೆ ಎರಡೂ ಕೈಯ ಬೆರಳಿನಿಂದ ಗಂಟಲಮಣಿಯನ್ನು ಹಿಡಿದು ನೋಡಿದೆ. ಬಲಕ್ಕೆ ಮಾಂಸ ತುಂಬಿತ್ತು. ಎಡಕ್ಕೆ ಇಳಿದು ಹೋಗಿ ಎಲುಬಿನ ಅಂಚು ಬೆರಳಿಗೆ ಸಿಕ್ಕಿತು.

ಸವಾರನ ಮೂರನೆಯ ಮಾತು ಖರೆ ಆಗಿತ್ತು. ನನಗೆ ಸಮಾಧಾನವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಅಂದೇ ಮೋಡಿ ಅಕ್ಷರದಲ್ಲಿ ಕಾಗದ ಬರೆದೆ: ಕುದುರೆಯ ಗಂಟಲಿನ ಎಡಮಗ್ಗುಲು ಸತ್ತಿದೆ, ಇದು ತಾಯಿಯ ರಕ್ತದಿಂದ ಬಂದ ದೋಷ, ವಯಸ್ಸಿಗೆ ಬಂದ ಮೇಲೆ ಹೊರಬಿದ್ದಿದೆ, ಸವಾರನ ತಪ್ಪಿಲ್ಲ. ಇಂಥ ಗಂಟಲು ಬಹುಪಾಲು ರಕ್ತದಿಂದಲೇ ಬರುತ್ತದೆ ಎಂದು ನಾನು ಕಲಿತಿದ್ದೆ. ಬೇರೆ ಕಾರಣ ಹುಡುಕುವ ಗೋಜಿಗೆ ಹೋಗಲಿಲ್ಲ.

ಐದನೆಯ ದಿನ ಬೆಳಿಗ್ಗೆ ಸವಾರನನ್ನು ಕರೆದು ಕಾಗದ ಓದಿ ಹೇಳಿದೆ. ಕಾಲಿಗೆ ಬೀಳುತ್ತಾನೆ ಅಂದುಕೊಂಡಿದ್ದೆ ಎಂದರೆ ಸುಳ್ಳಲ್ಲ. ಅವನು ಅಲ್ಲೇ ಮೇವಿನ ಕಟ್ಟಿನ ಮೇಲೆ ಕೂತುಬಿಟ್ಟ.

"ರಕ್ತದ್ದು ಅಂತ ಬರೀಬ್ಯಾಡ್ರಿ ಅಪ್ಪಾವ್ರ."

"ಯಾಕ? ನೀ ಉಳದಿ. ಮತ್ತೇನು ಬೇಕು?"

"ಆಕಿ ನಮ್ಮ ಹಟ್ಟ್ಯಾಗ ಹುಟ್ಟಿದಾಕಿ. ಆಕಿ ತಾಯಿ ಇನ್ನೂ ನಮ್ಮಲ್ಲೇ ಅದಾಳ. ತಂಗಿ ಒಂದು ಅದ, ಮೂರು ವರ್ಷದ್ದು. ನೀವು ಹಿಂಗ ಬರದ್ರ ಆ ರಕ್ತ ಯಾರೂ ಕೊಳ್ಳಂಗಿಲ್ಲ. ನಮ್ಮ ಅಜ್ಜನ ಕಾಲದಿಂದ ಸಾಕಿದ್ದು ಮಣ್ಣಾಗಿ ಹೋಗ್ತದ." ಸ್ವಲ್ಪ ತಡೆದು ಮತ್ತೆ ಹೇಳಿದ: "ತಾಯಿಗಿ ಹದಿನೈದು ವರ್ಷ. ಕುರಿ ಹಿಂದ ಗುಡ್ಡ ಏರ್ತದ. ಇಷ್ಟೂ ಸಪ್ಪಳಿಲ್ಲ."

ಭೀಮಾ ತೀರದ ಕುದುರೆ ತಳಿಯನ್ನು ತಲೆತಲಾಂತರದಿಂದ ಕಾಪಾಡಿಕೊಂಡು ಬಂದವರು ಅವರಂಥ ಕುರಿ ಸಾಕುವವರೇ. ಅವನ ಮಾತು ನನಗೆ ಅರ್ಥವಾಗದೆ ಇರಲಿಲ್ಲ, ಆದರೂ ಸಿಟ್ಟು ಬಂತು. ನೀರಿನಿಂದ ಎತ್ತಿ ದಂಡೆಗೆ ಹಾಕಿದರೆ ದಂಡೆ ಚೆನ್ನಾಗಿಲ್ಲ ಅನ್ನುತ್ತಾನಲ್ಲ ಎನಿಸಿತು. "ಹಂಗಾದ್ರ ಮಣ್ಣು ಹತ್ತಿತು, ನಿಶಾನಿ ಬಿತ್ತು ಅಂತ ಯಾಕ ಹೇಳಿದಿ? ಎರಡು ಸಲ ಸುಳ್ಳಾಡಿದವನ ಮಾತು ಮೂರನೇ ಸಲ ನಂಬಬೇಕೇನು?"

"ಅವು ಸುಳ್ಳೇ ರೀ," ಎಂದ. ಇಷ್ಟು ಬೇಗ ಒಪ್ಪುತ್ತಾನೆಂದು ನಾನು ಎಣಿಸಿರಲಿಲ್ಲ. "ಅದಕ್ಕ ಆವಾಗ ಭಂಡಾರ ಮುಟ್ಟಲಿಲ್ಲ. ಉಸಿರು ಕೆಟ್ಟದ ಅಂದ್ರ ಸರಕಾರ ಮರುದಿನಾನೇ ಟಾಂಗಾಕ್ಕ ಮಾರ್ತಿದ್ರು. ನೆಗಡಿ ಇದ್ದೀತು, ಇಳದೀತು ಅಂತ ಕಾದೆ. ಇಳೀಲಿಲ್ಲ. ಉದಗೀರದಾಗ ಆಕಿ ನನ್ನ ತೊಡೀ ಕೆಳಗ ಸಾಯ್ತಾಳ ಅನಸ್ತು. ಆವಾಗ ಹೇಳಿದೆ."

ಅವನು ಎದ್ದು ಹೋದ. ಸಿಟ್ಟು ಇಳಿದ ಮೇಲೆ ತಾಯಿಕುದುರೆಯ ಹದಿನೈದು ವರ್ಷ ನನ್ನನ್ನು ಕೊರೆಯತೊಡಗಿತು. ರಕ್ತದ ದೋಷವಾದರೆ ತಾಯಿಯಲ್ಲೂ ಎಲ್ಲಾದರೂ ಕಾಣಬೇಕು. ಉಮರ್ಗಾದಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರಿದ್ದರು, ಹಿಂದೆ ರಿಸಾಲೆಯ, ಅಂದರೆ ಅಶ್ವದಳದ, ಕುದುರೆಗಳನ್ನು ನೋಡಿಕೊಂಡಿದ್ದವರು. ಮೊಣಕಾಲು ಹಿಡಿದು ಹಾಸಿಗೆ ಸೇರಿದ್ದರೂ ತಲೆ ಚುರುಕಾಗಿತ್ತು. ಅವರನ್ನು ಒಂದು ಮಾತು ಕೇಳಿ ಬರೋಣವೆಂದು ಆರನೆಯ ದಿನ ನಸುಕಿಗೇ ನನ್ನ ತಟ್ಟುವಿನ ಮೇಲೆ ಹೊರಟೆ. ಗಿಡ್ಡ ಕಾಲಿನ, ಹೆಚ್ಚು ಬೇಡದ ಕುದುರೆ ಅದು. ದಿನಕ್ಕೆ ಮೂರು ಹರದಾರಿಗಿಂತ ಹೆಚ್ಚು ಓಡಿಸಿದವನಲ್ಲ ನಾನು. ಅಂದು ಅವಸರವಿತ್ತು.

ಉಮರ್ಗಾ ಇನ್ನೂ ಎರಡು ಹರದಾರಿ ಇರುವಾಗ ಒಂದು ಏರು ಬರುತ್ತದೆ. ಹಿಮ್ಮಡಿ ತಟ್ಟಿ ಏರಿಗೆ ಓಡಿಸಿದೆ. ಅರ್ಧ ಏರಿರಬೇಕು, ನನ್ನ ಎರಡು ಮೊಣಕಾಲುಗಳ ನಡುವಿನಿಂದ ಆ ಸದ್ದು ಬಂತು. ತೂತುಬಿದ್ದ ತಿದಿಯ ಸದ್ದು. ಇಳಿದು ನಿಂತೆ. ನಾಲ್ಕು ಉಸಿರಿಗೆ ಸದ್ದು ಹೋಯಿತು. ಗಂಟಲಿಗೆ ಕೈ ಹಾಕಿದೆ. ಎಡಕ್ಕೆ ಎಲುಬಿನ ಅಂಚು.

ಈ ತಟ್ಟು ಎಲ್ಲಿಯದೋ, ಹರಣಿ ಎಲ್ಲಿಯದೋ. ರಕ್ತದ ನಂಟೇ ಇಲ್ಲ. ಎರಡಕ್ಕೂ ಇದ್ದ ನಂಟು ಯಾವುದು ಎಂದು ನನ್ನನ್ನು ಯಾರೂ ಕೇಳಬೇಕಾಗಿರಲಿಲ್ಲ. ಹರಣಿಗೆ ಬೇಯಿಸಿದ ಲಾಖ ಉಳಿದರೆ ನನ್ನ ತಟ್ಟುವಿಗೆ ಹಾಕುತ್ತಿದ್ದರು. ಮನೆಯ ಕಾಳು ದಂಡವಾಗಬಾರದಲ್ಲ.

ಆದರೂ ಮನಸ್ಸು ಒಪ್ಪಲಿಲ್ಲ. ದಾರಿಯಲ್ಲೆಲ್ಲ ಬೇರೆ ಕಾರಣ ಹುಡುಕುತ್ತ ಹೋದೆ. ಧೂಳಿರಬೇಕು, ಚಳಿಗಾಳಿ ಇರಬೇಕು, ತಟ್ಟುವಿಗೆ ವಯಸ್ಸಾಗಿದೆ. ಸವಾರ ಎರಡು ನೆಪ ಹೇಳಿದ್ದಕ್ಕೆ ಬೈದವನು ನಾನು, ಎರಡು ಹರದಾರಿಯಲ್ಲಿ ಏಳೆಂಟು ಹುಟ್ಟಿಸಿದೆ.

ಉಸ್ತಾದರ ಅಂಗಳಕ್ಕೆ ಬಂದಾಗ ಸಂಜೆಯಾಗಿತ್ತು. ಅವರ ಮನೆಯ ಮುಂದೆಯೂ ಸಣ್ಣದೊಂದು ಏರಿದೆ. ತಟ್ಟುವನ್ನು ಹಗ್ಗ ಹಿಡಿದೇ ಏರಿಸಿದೆ, ಆದರೂ ಆ ಸದ್ದು ಬಂತು. ಕಟ್ಟಿ, ಕಾಲಿಗೆ ನೀರು ಹಾಕಿಕೊಳ್ಳುತ್ತಿದ್ದೆ. ಗೋಡೆಯ ಆಚೆ ಮಂಚದ ಮೇಲಿಂದ ಅವರ ದನಿ ಬಂತು, ಸಲಾಮಿಗೂ ಮೊದಲು.

"ಬೇಟಾ, ಆ ಜಾನವರಕ್ಕ ಏನು ತಿನ್ನಸ್ಲತ್ತಿ?"

"ಕಡಬಿ ರೀ ಉಸ್ತಾದ್. ಜೋಳದ ದಂಟು."

"ಕಾಳು ಕೇಳ್ದೆ."

ಒಳಗೆ ಹೋಗಿ ಅವರ ಕಾಲ ಹತ್ತಿರ ಕೂತೆ. ಲಾಖ ಎಂದೆ. ಅವರು ಮಂಚದ ಮೇಲೆ ಎದ್ದು ಕೂತರು. ಆಮೇಲೆ, ರಿಸಾಲೆಯಲ್ಲಿ ಒಮ್ಮೆ ಕಡಲೆ ಸಿಗದೆ ಎರಡು ತಿಂಗಳು ಲಾಖ ಹಾಕಿದ್ದನ್ನೂ, ಒಂದು ಸಾಲು ಕುದುರೆಗಳು ಹೀಗೇ ಕೂಗಿದ್ದನ್ನೂ ಹೇಳಿದರು. ಕೆಲವು ಹಿಂಗಾಲು ಎಳೆದವು, ಎರಡು ಓಡುತ್ತಲೇ ಬಿದ್ದು ಸತ್ತವು. "ಒಂದು ಮುಷ್ಟಿ ಎರಡು ಮುಷ್ಟಿ ಹಾಕಿದ್ರ ಏನಾಗಲ್ಲ. ಅದಕ್ಕ ಮಂದಿಗಿ ತಿಳಿಯಲ್ಲ. ಮೈ ಹಿಡಿಸ್ತದ ಅಂತ ಹೊಟ್ಟಿ ತುಂಬ ಹಾಕಿದ್ರ ಗಂಟಲಿಂದು ನರ ಒಣಗ್ತದ."

"ನಿಲ್ಲಿಸಿದ್ರ?"

"ಹೆಚ್ಚಿಗಿ ಆಗಲ್ಲ. ಹೋಗಿದ್ದು ಬರಲ್ಲ."

ನೀವು ನನಗೆ ಇದನ್ನು ಯಾಕೆ ಕಲಿಸಲಿಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಕೇಳಿದ್ದರೆ ಅದೂ ಒಂದು ನೆಪವೇ ಆಗುತ್ತಿತ್ತು. ಕಲಿಸದಿದ್ದರೂ ಹೇಳಿದವನೊಬ್ಬನಿದ್ದ, ಆಕಿ ಒಲ್ಲೆ ಅಂತಾಳ ಎಂದು.

ಏಳನೆಯ ದಿನ ತಟ್ಟುವನ್ನು ಏರಲು ಮನಸ್ಸಾಗಲಿಲ್ಲ. ಹಗ್ಗ ಹಿಡಿದು ನಡೆದೇ ಹೊರಟೆ. ನಿಲಂಗಾದವರೆಗೆ ಒಂದೂವರೆ ದಿನದ ನಡಿಗೆ, ಯೋಚನೆಗೆ ಬೇಕಾದಷ್ಟು ಹೊತ್ತು. ಚೀಲದಲ್ಲಿ ಮೊದಲು ಬರೆದ ಕಾಗದ ಇತ್ತು. ಅದನ್ನು ಕೊಟ್ಟರೆ ಸವಾರ ಜೀನು ಹೊರುವುದಿಲ್ಲ, ನನ್ನ ಹೆಸರು ಉಳಿಯುತ್ತದೆ, ಲಾಖವನ್ನು ಸದ್ದಿಲ್ಲದೆ ನಿಲ್ಲಿಸಬಹುದು. ಗಂಟಲು ಸತ್ತದ್ದು ನಿಜ. ಯಾಕೆ ಸತ್ತಿತು ಎಂಬ ಒಂದೇ ಸಾಲು ಸುಳ್ಳು. ಆ ಒಂದು ಸಾಲಿಗೆ ಒಂದು ಹಟ್ಟಿಯ ಕುದುರೆಗಳೆಲ್ಲ ಸುಳ್ಳು ದೋಷ ಹೊತ್ತು ಬದುಕಬೇಕು. ಇಷ್ಟು ಸ್ಪಷ್ಟವಾಗಿ ಕಂಡ ಮೇಲೂ ನಾನು ತಕ್ಷಣ ನಿರ್ಧಾರ ಮಾಡಲಿಲ್ಲ. ನನಗೆ ಹೆದರಿಕೆಯಾಗಿತ್ತು. ಈ ಸೀಮೆಯಲ್ಲಿ ಕುದುರೆ ಕೆಡಿಸಿದ ಸಾಲೋತ್ರಿ ಎಂದು ಹೆಸರಾದರೆ ಎಮ್ಮೆಗೆ ಔಷಧ ಕೇಳಲೂ ಯಾರೂ ಬರುವುದಿಲ್ಲ.

ಸಾಸ್ತೂರಿನ ದಾರಿ ಕೂಡುವಲ್ಲಿ ಕುರಿಯ ಹಿಂಡೊಂದು ಅಡ್ಡ ಬಂತು. ಹಿಂಡಿನ ಹಿಂದೆ ಒಬ್ಬ ಮುದುಕ ಬೂದು ಬಣ್ಣದ ಹೆಣ್ಣುಗುದುರೆಯ ಮೇಲೆ ಕಂಬಳಿ ಹಾಕಿ ಕೂತಿದ್ದ. ಅವನು ಯಾರೋ ನನಗೆ ಗೊತ್ತಿಲ್ಲ, ಸವಾರನ ಮನೆಯವನೇ ಆಗಬೇಕೆಂದಿಲ್ಲ. ಹಿಂಡಿನ ಮುಂದೆ ಹೋಗಲು ಮುದುಕ ಕುದುರೆಯನ್ನು ಗುಡ್ಡದ ಓರೆಗೆ ಓಡಿಸಿದ. ನಾನು ಉಸಿರು ಹಿಡಿದು ಕೇಳಿದೆ. ಗೊರಸಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಲ್ಲೇ ಬೇವಿನ ಬುಡದಲ್ಲಿ ಕೂತು ಹಳೆಯ ಕಾಗದ ಹರಿದು ಹೊಸದು ಬರೆದೆ.

ಎಂಟನೆಯ ದಿನ ಮಧ್ಯಾಹ್ನ ನಿಲಂಗಾ ಮುಟ್ಟಿದೆ. ದೇಶಮುಖರು ಅಂಗಳದ ಕಟ್ಟೆಯ ಮೇಲೆ ಕೂತಿದ್ದರು. ನಾನು ಬರುವುದಿಲ್ಲವೆಂದು ದರೋಗಾ ಹೇಳಿದ್ದನಂತೆ. ಹರಣಿಯ ಜೀನನ್ನು ಆಗಲೇ ತಂದು ಕಟ್ಟೆಯ ಅಂಚಿಗೆ ಇಟ್ಟಿದ್ದ. ಸವಾರ ಬರಿಗಾಲಲ್ಲಿ ಅದರ ಹತ್ತಿರ ನಿಂತಿದ್ದ, ಪೇಟ ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು. ನಾನು ಕಾಲು ತೊಳೆಯದೆ ಕಾಗದ ಓದಿದೆ. ಮೊದಲ ಎರಡು ನೆಪ ಸುಳ್ಳು, ಕುದುರೆಯನ್ನು ಉಳಿಸಲು ಹೇಳಿದ್ದು. ಮೂರನೆಯದು ಖರೆ. ಗಂಟಲು ಸತ್ತಿದ್ದು ಲಾಖದಿಂದ. ರಕ್ತದಲ್ಲಿ ದೋಷವಿಲ್ಲ.

"ಲಾಖ ಯಾರದ್ದು?" ಎಂದರು ದೇಶಮುಖರು.

"ನಮ್ಮ ಹೊಲದ್ದು ಸರಕಾರ."

"ಹಾಕ್ರಿ ಅಂದವರು?"

"ನಾನ."

"ಇವಗ ಗೊತ್ತಿತ್ತೇನು?"

"ಕುದರಿ ಒಲ್ಲೆ ಅಂತದ ಅಂತ ನನಗ ಬಂದು ಹೇಳಿದ್ದ. ನಾ ಬೈದು ಕಳಿಸಿದ್ದೆ."

ದೇಶಮುಖರು ಜೀನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಜೀನ ಹೊರಸೋದು ಸವಾರಗ. ಸಾಲೋತ್ರಿ ತಪ್ಪಿದ್ರ ಏನು ಹೊರಸಬೇಕು ಅಂತ ನಮ್ಮ ಹಿರೇರು ಹೇಳಿಟ್ಟಿಲ್ಲ," ಎಂದರು. ಹೇಳಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತೇನೋ. "ಔಷಧದ ಪೆಟ್ಟಿಗಿ ಕೀಲಿ ದರೋಗಾನ ಕೈಯಾಗ ಕೊಟ್ಟು ಊರಿಗಿ ಹೋಗ್ರಿ. ಹರಣಿ ಹುಟ್ಟಿದ ಹಟ್ಟಿಗೇ ಹೋಗಲಿ. ಇಲ್ಲಿದ್ರ ನನಗ ನೋಡಲಿಕ್ಕಾಗಂಗಿಲ್ಲ."

ಸವಾರ ಪೇಟ ಸುತ್ತಿಕೊಂಡು, ಹರಣಿಯ ಹಗ್ಗ ಹಿಡಿದು ಹೊರಟ.

ಅವನ ಹಟ್ಟಿ ಸಾಸ್ತೂರಿನ ಹತ್ತಿರ. ಮುರುಮದಿಂದ ಹದಿನೈದು ದಿನಕ್ಕೊಮ್ಮೆ ನಾನು ಅಲ್ಲಿಗೆ ಹೋಗತೊಡಗಿದೆ, ಯಾರೂ ಕರೆಯದೆ. ಹರಣಿಯ ಗಂಟಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಬೆಚ್ಚನೆಯ ಹಬೆ ಕೊಡಿಸುತ್ತಿದ್ದೆ. ಅವನು ಪ್ರತಿ ಸಲ ಕೇಳುತ್ತಿದ್ದ, ಓಡ್ತಾಳೇನ್ರಿ ಎಂದು. ಮೊದಲು, ಚಳಿ ಹೋಗಲಿ ಎಂದೆ. ಚಳಿ ಹೋದ ಮೇಲೆ, ಬಿಸಿಲಿನ ಧೂಳು ಇಳಿಯಲಿ ಎಂದೆ. ಹಸಿ ಮೇವು ಬಂದರೆ ಮೈ ತಿರುಗೀತು ಎಂದೆ. ಉಸ್ತಾದರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಅವನ ಮುಖ ನೋಡಿದಾಗ ಅದು ಬಾಯಿಗೆ ಬರುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಹೋದಾಗ ಅವನು ನನ್ನನ್ನು ಕಂಬಳಿಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಎದುರಿಗೆ ಕೂತ. ಕೊಟ್ಟಿಗೆಯ ಗೂಟಕ್ಕೆ ಹರಣಿಯ ಶರ್ಯತ್ತಿನ ಲಗಾಮು ತೂಗುಹಾಕಿತ್ತು, ತೊಗಲಿಗೆ ಹೊಸದಾಗಿ ಎಣ್ಣೆ ಹಚ್ಚಿತ್ತು.

"ಉದಗೀರದಿಂದ ಭಾವ ಮತ್ತ ಹೇಳಿ ಕಳಿಸ್ಯಾನ ಅಪ್ಪಾವ್ರ. ಅವರ ಲಾಯದಾಗ ಸವಾರ ಬೇಕಂತ. ಇದು ಮೂರನೇ ಸಲ ಕರೀಲತ್ತಿದ್ದು. ಆಕಿ ಸಲುವಾಗಿ ನಾ ನಿಂತೀನಿ. ಮತ್ತೊಮ್ಮೆ ಕರೀಲಿಕ್ಕಿಲ್ಲ." ಸೊಂಟದಿಂದ ಆ ಚಿಕ್ಕ ಚೀಲ ಬಿಚ್ಚಿ, ಬಾಯಿ ಅಗಲಿಸಿ, ನಮ್ಮಿಬ್ಬರ ನಡುವೆ ಇಟ್ಟ. "ನೀವು ಬಂದಾಗೊಮ್ಮೆ ಒಂದು ಮಾತು ಹೇಳ್ತೀರಿ. ಇವತ್ತ ಇದರಾಗ ಕೈ ಇಟ್ಟು ಹೇಳ್ರಿ. ಆಕಿ ಓಡ್ತಾಳೇನು?"

ನಾನು ವಿಭೂತಿ ಧರಿಸುವ ಮನೆತನದವನು. ಬೀರಪ್ಪನ ಭಂಡಾರವನ್ನು ಹಣೆಗೆ ಹಚ್ಚಿಸಿಕೊಂಡಿದ್ದೆ, ಅದರಲ್ಲಿ ಕೈಯಿಟ್ಟು ಮಾತಾಡಿದ್ದಿಲ್ಲ. ಬಲಗೈ ಇಟ್ಟೆ. ಪುಡಿ ತಣ್ಣಗಿತ್ತು.

"ಓಡಂಗಿಲ್ಲ, ತಮ್ಮಾ. ಎಂದೂ ಓಡಂಗಿಲ್ಲ."

ಅವನು ತಲೆಯಾಡಿಸಿದ. ಚೀಲದ ಬಾಯಿ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಎದ್ದು ಕೊಟ್ಟಿಗೆಗೆ ಹೋಗಿ ಗೂಟದಿಂದ ಲಗಾಮು ತೆಗೆದ. ಅದರ ಸದ್ದಿಗೆ ಹರಣಿ ಕಿವಿ ನೆಟ್ಟಗೆ ಮಾಡಿ, ರೂಢಿಯಂತೆ ಕತ್ತು ಮುಂದೆ ಚಾಚಿ ಬಾಯಿ ತೆರೆಯಿತು. ಅವನು ಅದರ ಹಣೆಯನ್ನು ಒಮ್ಮೆ ಸವರಿ, ಲಗಾಮನ್ನು ಸುತ್ತಿ, ಉದಗೀರಿಗೆ ಒಯ್ಯುವ ಗಂಟಿನಲ್ಲಿ ಕಟ್ಟಲು ಮನೆಯೊಳಗೆ ಹೋದ.